ಒಂದೇ ದೋಣಿಗೆ ಬೇಡ

ಹಾಸಿಗೆ ಹೆಂಡತಿಯದಾದರೆ ಕಾಲು ಎಷ್ಟಾದರೂ ಚಾಚು. ಇಂಥ ಗಾದೆ ಇಲ್ಲ; ಇದ್ದಿದ್ದರೆ ಕಾರವಾರದ ಮಧುಕರ ಬಾಗಿಲ ಮೇಲೆ ಬರೆಸಿಕೊಳ್ಳುತ್ತಿದ್ದ. ಗಾದೆ ಸುಳ್ಳಾದರೂ ಸಂಗತಿ ಮಾತ್ರ ನಡೆದದ್ದೇ.

“ಒತ್ತೇ ಮಾರಾಯ್ತಿ!” ಕೈಗಾ ಅಣುಸ್ಥಾವರದ ಬಸ್ಸಿನಿಂದಿಳಿದು ಬೂಟನ್ನೂ ಬಿಚ್ಚದೆ, ಚಹಾದ ಲೋಟ ಹಿಡಿದು, ಮಧುಕರ ಹೆಂಡತಿಯ ಮೊಬೈಲಿನೊಳಗೆ ಇಣುಕಿದ. “ಪೂರಾ ಶೇರಿಗೆ ಹಾಕು. ಬಾಂಡಲ್ಲಿಟ್ಟ ದುಡ್ಡಿಗೆ ವಯಸ್ಸಾಗ್ತದೆ, ಮೈ ಬರೂದಿಲ್ಲ. ನಮ್ಮ ಬಸ್ಸಲ್ಲಿ ಎಲ್ಲರಿಗೂ ಅದೇ ಹೇಳಿದ್ದೆ.”

ಸುಮಲತಾಳ ಬೆರಳು ಪರದೆಯ ಮೇಲೆ ತಡೆಯಿತು. ಗಂಡನ ಪಿಂಚಣಿಗೆ ಕಂಪನಿಯೂ ಪಾಲು ಹಾಕುತ್ತದೆ. ಅವಳಿಗೆ ಹಾಕುವವರಿಲ್ಲ. ವರ್ಷಗಟ್ಟಲೆ ರವಿಕೆ ಹೊಲಿದು ತುಂಬಿದ ಈ ಎನ್‌ಪಿಎಸ್ ಪಿಂಚಣಿ ಖಾತೆಯೊಂದೇ, ಸೂಜಿಗೆ ದಾರ ಪೋಣಿಸಲಾಗದ ದಿನಕ್ಕೆ.

“ನಿಮ್ಮದು ಎಲ್ಲಿ ಹಾಕೀರಿ?”

“ಕಂಪನಿದು ಬೇರೆ ನಮೂನಿ. ನೀ ಒತ್ತು.”

ವಾರದಿಂದ ಇದೇ ಉತ್ತರ. ಅಂಕೋಲಾದ ತವರಿನಲ್ಲಿ ಅವಳ ಅಪ್ಪ, ಮೀನುಗಾರ ಕುಪ್ಪ, ಇಬ್ಬರು ಗಂಡುಮಕ್ಕಳನ್ನು ಒಂದೇ ದೋಣಿಗೆ ಎಂದೂ ಹತ್ತಿಸಿದವನಲ್ಲ; ಒಬ್ಬ ಅಪ್ಪನ ಜೊತೆ, ಇನ್ನೊಬ್ಬ ಚಿಕ್ಕಪ್ಪನ ಜೊತೆ. ಕಡಲು ಕನ್ನಡಿಯಂತಿದ್ದ ದಿನವೂ ಹಾಗೇ. “ಗಾಳಿ ಎದ್ಮೇಲೆ ದೋಣಿ ಬದಲ್ಸೂಕೆ ಆಗ್ತದ್ಯಾ?” ಎನ್ನುತ್ತಿದ್ದ.

“ಚಹಾಕ್ಕೆ ಸಕ್ಕರೆ ಸಾಕಾ?” ಎಂದು ಸುಮಲತಾ ಬೇಕಂತಲೇ ಗಟ್ಟಿಯಾಗಿ ಕೇಳಿದಳು. ಹಿತ್ತಲಲ್ಲಿ ಕಾದಿದ್ದ ತಮ್ಮ ಆಶಿಷನಿಗೆ ಅದು ಸನ್ನೆ. ಅವನೂ ಕೈಗಾದವನೇ; ಪಿಂಚಣಿ ವಿಭಾಗದ ಹೆಗಡೆಯವರ ಮೂಗುದನಿಯನ್ನು ಸ್ವತಃ ಹೆಗಡೆಯವರಿಗಿಂತ ಚೆನ್ನಾಗಿ ತೆಗೆಯುತ್ತಿದ್ದ. ಕೈಯಲ್ಲಿ ಅಕ್ಕನ ಹೊಲಿಗೆ ಅಂಗಡಿಯ ಹೊಸ ಸಿಮ್ಮು, ಬಾವನಿಗೆ ಗುರುತಿಲ್ಲದ ನಂಬರು.

ಮಧುಕರನ ಫೋನು ಹೊಡೆದುಕೊಂಡಿತು.

“ಹೆಗಡೆ ಮಾತಾಡೋದು, ಹ್ಞಾಂ. ನಿಮ್ಮ ಪಿಂಚಣಿ ಪೂರಾ ಶೇರಿಗೆ ಹಾಕ್ಲಿಕ್ಕೆ ಅರ್ಜಿ ಬಂದಿದೆ. ಹಾಕಿಬಿಡ್ಲಾ, ಹ್ಞಾಂ?”

ಚಹಾ ಅಂಗಿಯ ಮೇಲೆ ಚೆಲ್ಲಿತು. “ಬೇಡ ಸಾರ್! ನಾ ಎಲ್ಲಿ ಅರ್ಜಿ ಕೊಟ್ಟೆ? ನಂದು ಸೇರಿದ ದಿನದಿಂದ ಸರ್ಕಾರಿ ಬಾಂಡಲ್ಲೇ ಅದೆ, ಅಲ್ಲೇ ಇರ್ಲಿ!”

“ಬಸ್ಸಲ್ಲಿ ಬೇರೆ ಹೇಳ್ತೀರಂತೆ, ಹ್ಞಾಂ?”

“ಬಸ್ಸಿಂದು ಬಸ್ಸಲ್ಲಿ ಸಾರ್! ಇದು ನನ್ನ ಮುಪ್ಪಿನ ಗಂಜಿ!”

“ಹಂಗಾದ್ರೆ ಅಕ್ಕಂದು ಯಾರ ಗಂಜಿ, ಬಾವಾ?”

ಈ ಮಾತು ಫೋನಿನಲ್ಲೂ ಬಂತು, ಅಡುಗೆಮನೆಯ ಬಾಗಿಲಿನಿಂದಲೂ ಬಂತು. ಆಶಿಷ ಅಲ್ಲೇ ನಿಂತಿದ್ದ, ಫೋನು ಕಿವಿಯಲ್ಲಿ.

ಮಧುಕರ ಅವನನ್ನು ನೋಡಿದ, ಹೆಂಡತಿಯನ್ನು ನೋಡಿದ. ಸುಮಲತಾ ನಗಲಿಲ್ಲ. ಅವನ ಮುಖ ಕೆಂಪೇರಿದ್ದು ಸಿಟ್ಟಿಗೋ ನಾಚಿಕೆಗೋ ತಿಳಿಯದೆ ಮೊಬೈಲು ಹಿಡಿದೇ ಕೂತಿದ್ದಳು.

“ಹ್ಞಾಂ,” ಎಂದ ಮಧುಕರ, ಹೆಗಡೆಯವರದೇ ಮೂಗಿನಲ್ಲಿ. ಆಮೇಲೆ ಹೊಟ್ಟೆಯೊಳಗಿಂದ ನಗು ಎದ್ದಿತು. ಆಶಿಷ ನಕ್ಕ, ಸುಮಲತಾ ನಕ್ಕಳು, ಅವರಿಬ್ಬರ ನಗುವನ್ನೂ ಮುಳುಗಿಸಿ ಅವನು ನಕ್ಕ. ಪಕ್ಕದ ಮನೆಯ ಯಶೋದಾ ಗೋಡೆಯ ಮೇಲಿಂದ ಇಣುಕಿದಳು.

ಸುಮಲತಾ ಅರ್ಧ ಶೇರಿಗೆ, ಅರ್ಧ ಬಾಂಡಿಗೆ ಹಾಕಿ ಒತ್ತಿದಳು. ಮಧುಕರ ಕಣ್ಣೊರೆಸಿಕೊಳ್ಳುತ್ತ ಮೆಟ್ಟಿಲ ಮೇಲೆ ಕೂತು ಒಂದು ಬೂಟು ಬಿಚ್ಚಿದ. ಇನ್ನೊಂದನ್ನು ಕಾಲಲ್ಲೇ ಮರೆತು, ಇನ್ನೂ ನಗುತ್ತಲೇ ಇದ್ದ.