ಹೆಚ್ಚಾದ ಒಂದು ಸೊನ್ನೆ

ನಮ್ಮ ಯಜಮಾನರು ಬಿತ್ತಿ ಹೋದ ಹೆಸರುಕಾಳನ್ನು ನಾನೇ ರಾಶಿ ಮಾಡಿಸಿ, ನಮ್ಮೂರು ಮುಗದದಿಂದ ಹುಬ್ಬಳ್ಳಿಯ ಮಾರುಕಟ್ಟೆಗೆ ತಂದೆ. ಆರು ಕ್ವಿಂಟಾಲು. ಅವರು ಲಿಂಗೈಕ್ಯರಾಗಿ ಎರಡು ತಿಂಗಳಾಗಿತ್ತು. "ಈ ಪೀಕಿಗೆ ಎಂಟು ಸಾವಿರದ ಮ್ಯಾಲ ದರ ಬರತೈತಿ, ಬೇಕಾದ್ರ ನೋಡು" ಎಂದು ಬಿತ್ತುವ ದಿನ ಹೇಳಿದ್ದರು. ಅವರ ಮಾತು ಸುಳ್ಳಾಗಬಾರದು ಎಂಬುದೊಂದೇ ನನ್ನ ಹಟ.

ಬೆಳಿಗ್ಗೆ ಖರೀದಿದಾರರು ಮಾಲು ನೋಡುತ್ತ ಬಂದರು. ಶಿವಯೋಗೀಶ ಎಂಬ ವ್ಯಾಪಾರಿ ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹರವಿ, ಒಂದನ್ನು ಕಚ್ಚಿ, ಕಿಸೆಯ ಪುಸ್ತಕದಲ್ಲಿ ದರ ಬರೆದುಕೊಂಡ. ಆಮೇಲೆ ಎಲ್ಲರೂ ತಮ್ಮ ದರವನ್ನು ಮೊಬೈಲಿನಲ್ಲಿ ಹಾಕುತ್ತಾರೆ. ಹೆಚ್ಚು ಹಾಕಿದವರಿಗೆ ಮಾಲು. ಮಧ್ಯಾಹ್ನ ನನ್ನ ಹೆಸರುಕಾಳಿಗೆ ಬಂದ ದರವನ್ನು ಫಲಕದ ಮೇಲೆ ನೋಡಿದೆ. ಕ್ವಿಂಟಾಲಿಗೆ ಎಂಬತ್ತು ಸಾವಿರದ ಇನ್ನೂರು.

ಶಿವಯೋಗೀಶ ಓಡುತ್ತ ಬಂದ. "ಅವ್ವಾರ, ಒಂದು ಸೊನ್ನಿ ಹೆಚ್ಚ ಬಿದ್ದೈತ್ರಿ. ಟೆಂಡರ್ ರದ್ದ ಮಾಡಸ್ತೇನಿ. ನನ್ನ ಬಿಟ್ರ ಹೆಚ್ಚಿಗಿ ದರ ಹಾಕಿದವರು ಏಳು ಸಾವಿರದ ಆರುನೂರು ಹಾಕ್ಯಾರ, ಅವರಿಗೆ ಕೊಟ್ಟಬಿಡ್ರಿ."

ಪಕ್ಕದಲ್ಲಿ ತನ್ನ ಮಾಲು ಮಾರಲು ಇಟ್ಟಿದ್ದ ರೈತ ಉಡಚಪ್ಪ ನಕ್ಕ. "ಬಿಡಬ್ಯಾಡ್ರಿ ಅಕ್ಕಾರ. ಹಾಕಿದ್ದು ಹಾಕಿದಂಗ. ಕೋರ್ಟಿಗೆ ಹೋಗ್ರಿ. ಕಾಳು ಕಚ್ಚಿದಾಗ ಸಾಹುಕಾರರ ಹಲ್ಲಿಗೆ ಬಂಗಾರ ಹತ್ತಿರಬೇಕು."

"ಹೆಸರಿಗೆ ಎಂಬತ್ತು ಸಾವಿರ ಯಾವ ಲೋಕದಾಗ ಐತೋ ಉಡಚಪ್ಪಾ?" ಎಂದೆ. "ತಪ್ಪು ಅಂತ ಗೊತ್ತಿದ್ದೂ ತಗೊಂಡ್ರ ಕಿಸೆ ಕತ್ತರಿಸಿದಂಗ. ನಾಳೆ ಲಿಂಗಪೂಜಿಗೆ ಹೆಂಗ ಕೂಡ್ಲಿ?"

ಶಿವಯೋಗೀಶ ಕೈ ಮುಗಿದ. "ಭಾಳ ಉಪಕಾರ ಆತ್ರಿ."

"ತಡೀರಿ. ಸೊನ್ನಿ ನಿಮ್ಮದು, ತಗೊಂಡ ಹೋಗ್ರಿ. ಉಳಿದ ಎಂಟು ಸಾವಿರದ ಇಪ್ಪತ್ತು ನಂದು."

"ಹಂಗ ಬರಂಗಿಲ್ರಿ. ತಪ್ಪಾದ್ರ ಪೂರಾ ರದ್ದು. ಕಾಯ್ದೇನ ಹಂಗೈತಿ."

"ತಪ್ಪಿದ್ದು ಬೆರಳು, ಮನಸಲ್ಲ. ಮುಂಜಾನಿ ಪುಸ್ತಕದಾಗ ಏನ ಬರದ್ರಿ, ತೋರಸ್ರಿ."

ಅವನ ಕೈ ಕಿಸೆಯವರೆಗೆ ಹೋಯಿತು, ಒಳಗೆ ಹೋಗಲಿಲ್ಲ. "ಅದು ನಮ್ಮ ಖಾಸಗಿದ್ರಿ."

ಕಡಿಮೆ ದರದವರಿಗೆ ಚೀಲ ಎತ್ತಿಕೊಡಲು ಹಮಾಲರು ಬಂದರು. ನಾನು ಚೀಲದ ಮೇಲೆ ಕುಳಿತೆ. "ಏಳ್ರಿ ಅವ್ವಾರ" ಎಂದರು. ಏಳಲಿಲ್ಲ.

"ಹೊಳ್ಳಿ ಮುಗದಕ್ಕ ಹೊತಗೊಂಡ ಹೋಗ್ತೇನಿ. ಏಳು ಸಾವಿರಕ್ಕ ಕೊಡಂಗಿಲ್ಲ."

ಕೈಚೀಲದಿಂದ ಯಜಮಾನರ ಟವೆಲು ತೆಗೆದು ನನ್ನ ಬಲಗೈ ಮೇಲೆ ಹಾಸಿದೆ. ಹಿಂದೆ ಮಾರುಕಟ್ಟೆಯಲ್ಲಿ ಹೀಗೆಯೇ, ಬಟ್ಟೆಯ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ದರ ಹೇಳುತ್ತಿದ್ದರು. ಹೆಂಗಸೊಬ್ಬಳು ಹಾಗೆ ಕೈ ಚಾಚಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಹಮಾಲರು ಮುಖ ತಿರುಗಿಸಿದರು. ನಾನು ಕೈ ಹಿಂತೆಗೆಯಲಿಲ್ಲ.

"ಕೈ ಹಾಕ್ರಿ. ಮುಂಜಾನಿ ಬರದ ದರಾನ ಬೆರಳಿಲೆ ಹೇಳ್ರಿ. ಇಲ್ಲಿ ಸೊನ್ನಿ ಹೆಚ್ಚ ಬೀಳಂಗಿಲ್ಲ. ಸುಳ್ಳ ಹೇಳಾವ್ರಿದ್ರ ಸತ್ತವರ ವಸ್ತ್ರದ ಕೆಳಗ ಹೇಳ್ರಿ."

ಶಿವಯೋಗೀಶನ ಬೆವೆತ ಕೈ ಟವೆಲಿನ ಕೆಳಗೆ ಬಂದಿತು. ನನ್ನ ನಾಲ್ಕು ಬೆರಳು ಹಿಡಿದು ಬಿಟ್ಟಿತು. ಮತ್ತೆ ನಾಲ್ಕು ಹಿಡಿಯಿತು. ತುಸು ತಡೆದು, ಎರಡು: ಎಂಟು ಸಾವಿರದ ಇಪ್ಪತ್ತು.

ನಾನು ಚೀಲದಿಂದ ಎದ್ದು ಟವೆಲು ಮಡಿಚಿದೆ.

"ತೂಗ್ರಿ" ಎಂದೆ.