ಸೋಪಿನ ಡಬ್ಬಿಯ ತೂಕ

ಊರಿನ ಹೊರಗೆ, ಎರಡು ರಸ್ತೆ ಕೂಡುವ ಕಡೆ, ಅವಳ ಅಪ್ಪ ಹಾಕಿಸಿದ ವೇಬ್ರಿಡ್ಜ್ ಇತ್ತು. ನೆಲಕ್ಕೆ ಸಮನಾಗಿ ಕೂತ ಕಬ್ಬಿಣದ ಹಾಸು, ಪಕ್ಕದಲ್ಲಿ ತಗಡಿನ ಕೋಣೆ, ಕೋಣೆಯೊಳಗೆ ಕಿಟಕಿಗೆ ಮುಖ ಮಾಡಿದ ಒಂದು ಕುರ್ಚಿ. ಜೋಳ ಹೇರಿಕೊಂಡ ಟ್ರ್ಯಾಕ್ಟರು ಹಾಸಿನ ಮೇಲೆ ಬಂದು ನಿಂತರೆ, ಕುರ್ಚಿಯಲ್ಲಿ ಕೂತವರು ತೂಕದ ಚೀಟಿ ಪ್ರಿಂಟು ಹಾಕಿ ಕಿಟಕಿಯಿಂದ ಚಾಚಬೇಕು. ಅಂಥ ಚೀಟಿ ಇಲ್ಲದೆ ಗಿರಣಿಯವರು ಕಾಳು ಮುಟ್ಟುವುದಿಲ್ಲ. ಕೈಬರಹಕ್ಕಂತೂ ಅಲ್ಲಿ ಕಿಮ್ಮತ್ತೇ ಇಲ್ಲ. ಗಿರಣಿಯಲ್ಲೂ ಒಂದು ವೇಬ್ರಿಡ್ಜ್ ಇತ್ತು, ಆದರೆ ಅಲ್ಲಿ ಸರದಿಗೆ ದಿನಗಟ್ಟಲೆ ಕಾಯಬೇಕು.

ಅಪ್ಪ ಹಾಸಿಗೆ ಹಿಡಿದಾಗ ಮಗನನ್ನೂ ಮಗಳನ್ನೂ ಕರೆದು, ಚಿಕ್ಕಪ್ಪನ ಎದುರಿಗೇ ಹೇಳಿದ್ದ: "ಈ ಕುರ್ಚಿ ನಿಂದೂ ಅಲ್ಲ, ಅವಳದೂ ಅಲ್ಲ. ಜನ ಯಾರ ತೂಕ ನಂಬ್ತಾರೋ ಅವರದು." ಅಪ್ಪ ಹೋದ ಮೇಲೆ ಜನ ನಂಬಿದ್ದು ಮಗಳನ್ನು. ಗಂಡನ ಮನೆಗೆ ಬೆನ್ನು ಹಾಕಿ ಬಂದವಳಿಗೆ ತನ್ನದು ಅಂತ ಉಳಿದದ್ದು ಆ ಕುರ್ಚಿಯಗಲದ ಜಾಗ ಅಷ್ಟೆ. ಅಣ್ಣನಿಗೆ ಮಾತ್ರ ಅದು ಕಣ್ಣಿಗೆ ಬಿದ್ದ ಹೊಟ್ಟಿನ ಹಾಗೆ ಒತ್ತುತ್ತಲೇ ಇತ್ತು.

ಹೊಟ್ಟಿನ ಕಾಟ ಬರೀ ಅವನಿಗಲ್ಲ. ಮೇಜಿನ ಮೇಲಿನ ಹಳೇ ಕಂಪ್ಯೂಟರಿನ ದೊಡ್ಡ ಡಬ್ಬವೂ ಹೊಟ್ಟು ನುಂಗಿಯೇ ಸತ್ತದ್ದು. ಅದರ ಫ್ಯಾನು ಸುಗ್ಗಿಯ ಧೂಳನ್ನೆಲ್ಲ ಒಳಗೆಳೆದುಕೊಂಡು ಒಂದು ದಿನ ಕೆಮ್ಮಿ ಸುಮ್ಮನಾಯಿತು. ರಿಪೇರಿಯವನು ಬಿಚ್ಚಿ ನೋಡಿ, "ಇದರೊಳಗೆ ಒಂದು ಎತ್ತಿಗೆ ಆಗೋವಷ್ಟು ಮೇವಿದೆ" ಅಂದು ಕೈ ಝಾಡಿಸಿಕೊಂಡು ಹೋದ. ಅವಳು ಅಲ್ಲಿ ಇಲ್ಲಿ ವಿಚಾರಿಸಿ ಅಂಗೈಯಗಲದ ಒಂದು ಬೋರ್ಡು ತರಿಸಿದಳು. ಇಡೀ ಕಂಪ್ಯೂಟರು ಆ ಒಂದೇ ಹಲಗೆಯ ಮೇಲೆ. ಫ್ಯಾನೇ ಇಲ್ಲ, ಧೂಳೆಳೆಯುವ ಗೊಡವೆಯೂ ಇಲ್ಲ. ತೂತು ಕೊರೆದ ಸೋಪಿನ ಡಬ್ಬಿಯೊಳಗೆ ಅದನ್ನು ಕೂರಿಸಿ, ಹಳೇ ಪರದೆಯ ಬೆನ್ನಿಗೆ ಸ್ಕ್ರೂ ಹಾಕಿ ಬಿಗಿದಳು. ಪರದೆ, ಕೀಬೋರ್ಡು, ಪ್ರಿಂಟರು ಎಲ್ಲ ಮೊದಲಿನವೇ.

ತೂಕ, ಲೆಕ್ಕ, ಗಿರಣಿಗೆ ಬರೆಯುವ ಪತ್ರ, ಡ್ರೈವರುಗಳ ಮಕ್ಕಳ ಪರೀಕ್ಷೆಯ ಫಲಿತಾಂಶ, ಮಧ್ಯಾಹ್ನ ಯಾರೂ ಇಲ್ಲದಾಗ ಒಂದೆರಡು ಹಾಡು, ಎಲ್ಲವೂ ಅದರಲ್ಲೇ. ನಾಲ್ಕು ಕೆಲಸ ಒಟ್ಟಿಗೆ ಹೇರಿದರೆ ಅದು ಮೊಂಡು ಹಿಡಿಯುತ್ತಿತ್ತು. ಮುದಿ ಎತ್ತನ್ನು ಹೊಡೆಯದೆ ನಡೆಸುವ ಹಾಗೆ ಒಂದು ಮುಗಿಸಿ ಇನ್ನೊಂದಕ್ಕೆ ಕೈಹಾಕುವುದನ್ನು ಅವಳು ಕಲಿತಳು.

ಒಂದು ದಿನ ಈ ಸೋಪಿನ ಡಬ್ಬಿ ಅಣ್ಣನ ಕಣ್ಣಿಗೆ ಬಿತ್ತು.

"ಇದೇನೇ ಇದು, ಮುಖ ತೊಳೆಯೋದಕ್ಕಾ?"

"ಕಂಪ್ಯೂಟರು."

"ಆಟಿಕೆ ಅನ್ನು. ಗಂಡನ ಮನೇಲಿ ಆಟ ಮುಗಿಸಿ ಬಂದೆ, ಈಗ ಇಲ್ಲಿ ಶುರು."

ಅವಳು ಮುಂದಿನ ಚೀಟಿ ಪ್ರಿಂಟು ಹಾಕಿದಳು. ಅವನು ಹೊರಗೆ ಹೋಗಿ, ಸಾಲಿನಲ್ಲಿ ನಿಂತಿದ್ದ ಟ್ರ್ಯಾಕ್ಟರಿನವರ ಕಿವಿ ಕಚ್ಚಿದ. "ಅಷ್ಟುದ್ದದ ಗಾಡಿ, ಇಷ್ಟುದ್ದದ ಯಂತ್ರ. ಇಡೀ ತೂಕ ಅದರೊಳಗೆ ಹಿಡಿಸುತ್ತೇನ್ರಪ್ಪಾ? ಹಿಡಿಸದೇ ಇದ್ದದ್ದು ಎಲ್ಲಿಗೆ ಹೋಗುತ್ತೆ, ನೀವೇ ಯೋಚನೆ ಮಾಡಿ."

ಯೋಚನೆ ಮಾಡಿದರು. ಆ ವರ್ಷ ಕಾಳು ಜೊಳ್ಳು, ಎಲ್ಲರ ತೂಕವೂ ಕಡಿಮೆಯೇ ಇತ್ತು. ಜೊಳ್ಳನ್ನು ಬೈಯುವುದಕ್ಕಿಂತ ಸೋಪಿನ ಡಬ್ಬಿಯನ್ನು ಬೈಯುವುದು ಸುಲಭ. ಕೆಮ್ಮುತಾತ ಅಂತ ಎಲ್ಲರೂ ಕರೆಯುತ್ತಿದ್ದ ಮುದುಕ, ಅಪ್ಪನ ಕಾಲದಿಂದ ಬರುತ್ತಿದ್ದವನು, ಕಿಟಕಿಗೆ ಮೊಣಕೈ ಊರಿ ಕೇಳಿಯೇಬಿಟ್ಟ:

"ಮಗಳೇ, ಸಣ್ಣ ಪಾತ್ರೇಲಿ ಅಳೆದರೆ ಚೆಲ್ಲುತ್ತಲ್ಲವಾ?"

"ತಾತ, ಭಾರ ಹಿಡಿಯೋದು ಹೊರಗಿರೋ ಕಬ್ಬಿಣ. ಇದು ಅದು ಹೇಳಿದ್ದನ್ನ ಬರೆದುಕೊಳ್ಳುತ್ತೆ ಅಷ್ಟೆ. ಬರೆಯೋನು ಕುಳ್ಳ ಇದ್ರೆ ಬರೆದದ್ದು ಕಡಿಮೆಯಾಗುತ್ತಾ?"

ಮುದುಕ ತಲೆಯಾಡಿಸಿದ, ನಂಬಲಿಲ್ಲ. ಅವಳು ಅವನ ಗಾಡಿಯನ್ನು ಗಿರಣಿಯ ವೇಬ್ರಿಡ್ಜಿಗೂ ಹತ್ತಿಸಿ ಎರಡು ಚೀಟಿ ಪಕ್ಕಪಕ್ಕ ಹಿಡಿದಳು. ಒಂದೇ ತೂಕ. "ಅಲ್ಲೂ ಸಣ್ಣದೇ ಇಟ್ಟಿರಬೇಕು" ಅಂದ ಸಾಲಿನಲ್ಲಿದ್ದವನೊಬ್ಬ. ಉಳಿದವರು ನಕ್ಕರು. ಮರುವಾರ ಸಾಲು ಅರ್ಧಕ್ಕೆ ಇಳಿಯಿತು.

ಆಗ ಚಿಕ್ಕಪ್ಪ ಬಂದು, ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು, ಉಪಾಯ ಹೇಳಿದ. "ಜನ ಕಣ್ಣಿಂದ ಕೇಳಿಸಿಕೊಳ್ತಾರಮ್ಮ. ಆ ಹಳೇ ಡಬ್ಬ ಮತ್ತೆ ಮೇಜಿನ ಮೇಲೆ ಇಡು. ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ."

"ಅದು ಸತ್ತಿದೆ, ಚಿಕ್ಕಪ್ಪ."

"ಸತ್ತಿದೆ ಅಂತ ಡಂಗುರ ಹೊಡೆಸಿದೀಯಾ?"

ಎರಡು ದಿನ ಅವಳು ಅದನ್ನೇ ಮೆಲುಕು ಹಾಕಿದಳು. ತೂಕ ಸರಿಯಿದೆ, ಸುಳ್ಳು ಡಬ್ಬದ್ದು ಮಾತ್ರ, ಅದರಿಂದ ಯಾರ ಚೀಲದಿಂದ ಒಂದು ಕಾಳೂ ಕಳೆಯುವುದಿಲ್ಲ ಅಂತ ತನಗೆ ತಾನೇ ಹೇಳಿಕೊಂಡಳು. ಮೂರನೆಯ ದಿನ ಪರದೆಯ ಬೆನ್ನನ್ನು ಗೋಡೆಗೆ ತಿರುಗಿಸಿ, ಹಳೇ ಡಬ್ಬವನ್ನು ಮೂಲೆಯಿಂದ ಎತ್ತಿ, ಒರೆಸಿ, ಕಿಟಕಿಗೆ ಕಾಣುವ ಹಾಗೆ ಇಟ್ಟಳು. ಬರೀ ಇಟ್ಟರೆ ಹೆಣದ ಹಾಗೆ ಕಂಡಿತು. ಕೆಟ್ಟ ಟಾರ್ಚಿನಿಂದ ಒಂದು ಪುಟ್ಟ ಕೆಂಪು ದೀಪ ಬಿಚ್ಚಿ, ಟಾರ್ಚಿನ ಶೆಲ್ಲಿಗೆ ತಂತಿ ಸುತ್ತಿ, ಡಬ್ಬದ ಮೂತಿಯೊಳಗೆ ಸಿಕ್ಕಿಸಿದಳು. ದೀಪ ಹೊತ್ತಿತು. ಅವಳಿಗೆ ಅಪ್ಪನ ಮಾತು ನೆನಪಾಯಿತು. ಆದರೂ ಆರಿಸಲಿಲ್ಲ.

ಸಾಲು ತುಂಬಿತು. "ಈಗ ನೋಡು ತೂಕ ಕೂತಿತು" ಅಂದ ಕೆಮ್ಮುತಾತ ಚೀಟಿಯನ್ನು ಜೇಬಿಗೆ ತುರುಕುತ್ತ. ಚೀಟಿ ಬರೆದದ್ದು ಮಾತ್ರ ಪರದೆಯ ಬೆನ್ನಿನಲ್ಲಿ ಅಡಗಿದ್ದ ಸೋಪಿನ ಡಬ್ಬಿಯೇ.

ಜನ ಹೇಗೆ ತಿರುಗಿದರು ಅನ್ನುವುದು ಅಣ್ಣನಿಗೆ ತಲೆ ತಿನ್ನುವ ಪ್ರಶ್ನೆಯಾಯಿತು. ಸತ್ತ ಡಬ್ಬ ಎದ್ದು ಕೂತದ್ದು ಅವನಿಗೆ ನುಂಗಲಾರದ ತುತ್ತು. ಸುಗ್ಗಿ ಜೋರಾಗಿದ್ದ ಒಂದು ಬೆಳಿಗ್ಗೆ, ಸಾಲು ರಸ್ತೆಯ ತಿರುವು ದಾಟಿದ್ದಾಗ, ಸ್ಕ್ರೂಡ್ರೈವರ್ ಹಿಡಿದು ಒಳಗೆ ಬಂದ.

"ಏನು ಮಾಡ್ತಿದ್ದೀಯ? ತೂಕ ನಡೀತಿದೆ" ಅಂದಳು ಅವಳು.

"ನಡೀಲಿ. ಯಾರು ತೂಗ್ತಿದಾರೆ ಅಂತ ನೋಡ್ತೀನಿ."

ಅವಳು ಎದ್ದು ಅಡ್ಡ ನಿಂತಳು. ಅವನು ಡಬ್ಬವನ್ನು ಅವಳ ತಲೆಯ ಮೇಲಿನಿಂದ ಎತ್ತಿಕೊಂಡು ಹೊರಗೆ ಹೋದ. ಕಬ್ಬಿಣದ ಹಾಸಿನ ಮೇಲೆ, ಕೆಮ್ಮುತಾತನ ಟ್ರ್ಯಾಕ್ಟರಿನ ಮುಂದೆಯೇ ಇಟ್ಟು, ಅದರ ಪಕ್ಕದ ತಗಡು ಬಿಚ್ಚಿದ. ಒಳಗಿನಿಂದ ಹೊಟ್ಟು ಸುರಿಯಿತು. ಇಲಿ ಕಡಿದ ತಂತಿ, ಒಂದು ಶೆಲ್ಲು, ಕೆಂಪು ದೀಪ.

"ನೋಡಿ. ಹುಲ್ಲಿನ ಡಬ್ಬದಲ್ಲಿ ನಿಮ್ಮನ್ನ ತೂಗಿದಾಳೆ. ಇಷ್ಟು ದಿನ."

ಟ್ರ್ಯಾಕ್ಟರುಗಳ ಇಂಜಿನ್ನುಗಳು ಒಂದೊಂದಾಗಿ ನಿಂತವು. ಯಾರೋ ಅವಳ ಅಮ್ಮನನ್ನು ಸೇರಿಸಿ ಬೈದರು. ಅವಳು ಪರದೆಯನ್ನು ತಿರುಗಿಸಿ ಸೋಪಿನ ಡಬ್ಬಿ ತೋರಿಸಿದಳು. ತೂಗಿದ್ದು ಇದೇ, ಒಂದು ಕಾಳಿನ ವ್ಯತ್ಯಾಸವೂ ಇಲ್ಲ, ಬೇಕಾದರೆ ಗಿರಣಿಯಲ್ಲಿ ಮತ್ತೆ ತೂಗಿಸಿ ಅಂದಳು. ಬೈಗುಳಕ್ಕೆ ಅವಳ ಚರ್ಮ ದಪ್ಪವಾಗಿತ್ತು.

ಕೆಮ್ಮುತಾತ ಬೈಯಲಿಲ್ಲ. ಕಿಟಕಿಯ ಹತ್ತಿರ ಬಂದು, ಕೆಮ್ಮು ಮುಗಿಯುವ ತನಕ ಕಾದು, ಹೇಳಿದ: "ಸಣ್ಣದನ್ನ ನಾನು ನಂಬಲಿಲ್ಲ, ಅದು ನನ್ನ ದಡ್ಡತನ. ದೊಡ್ಡದನ್ನ ನೀನು ನಂಬಿಸಿದೆಯಲ್ಲ, ಅದು ಯಾರದಮ್ಮ?"

ಅಣ್ಣನ ಮಾತಿಗಾಗಿದ್ದರೆ ಆ ಕುರ್ಚಿಯಲ್ಲಿ ಅವಳು ಬೇರು ಬಿಟ್ಟು ಕೂರುತ್ತಿದ್ದಳು. ತಾತನ ಮಾತಿಗೆ ಕೂರಲಾಗಲಿಲ್ಲ.

ಸ್ಕ್ರೂ ಬಿಚ್ಚಿದಳು. ತಂತಿಗಳನ್ನು ಎಳೆದಳು. ಪರದೆ ಕಪ್ಪಾಯಿತು. ಸೋಪಿನ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಬಂದಳು.

"ಅದನ್ನ ಎಲ್ಲಿಗೆ ಒಯ್ತೀಯಾ? ಗಾಡಿಗಳು ನಿಂತಿವೆ" ಅಂದ ಅಣ್ಣ.

"ಕುರ್ಚಿ ಬೇಕಾಗಿತ್ತಲ್ಲ, ಕೂತ್ಕೋ. ಆಟಿಕೆ ನಂದು."

"ಅದನ್ನ ಇಟ್ಟು ಹೋಗು ಅಂದೆ."

"ಹುಲ್ಲು ತೋರಿಸಿದವನು ನೀನೇ ಅಲ್ಲವಾ? ಅದರಲ್ಲೇ ತೂಗು."

ಅವನು ಕೈ ಎತ್ತಿದ. ಸಾಲಿನವರು ನೋಡುತ್ತಿದ್ದರು. ಎತ್ತಿದ ಕೈಯನ್ನು ಇಳಿಸಿ, ಒಳಗೆ ಹೋಗಿ ಕುರ್ಚಿಯ ಮೇಲೆ ಕೂತ. ಕೀಬೋರ್ಡು ಒತ್ತಿದ. ಇನ್ನೂ ಒಂದು ಸಲ ಒತ್ತಿದ. ಕೆಮ್ಮುತಾತ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆದು ಗಿರಣಿಯ ಕಡೆ ತಿರುಗಿಸಿದ. ಅವನ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು.

ಅವಳು ರಸ್ತೆಯಂಚಿಗೆ ಸರಿದು ಗಾಡಿಗಳಿಗೆ ದಾರಿ ಬಿಟ್ಟಳು. ಅವಳನ್ನು ದಾಟುವಾಗ ಯಾರೂ ಮುಖ ತಿರುಗಿಸಿ ನೋಡಲಿಲ್ಲ. ಸೆರಗಿನೊಳಗೆ ಡಬ್ಬಿ ಇನ್ನೂ ಬೆಚ್ಚಗಿತ್ತು. ಹಾಸಿನ ಮೇಲೆ, ಹೊಟ್ಟಿನ ರಾಶಿಯ ನಡುವೆ, ಯಾವ ಕರೆಂಟಿನ ಹಂಗೂ ಇಲ್ಲದ ಆ ಕೆಂಪು ದೀಪ ಉರಿಯುತ್ತಲೇ ಇತ್ತು.