ಹಸಿರು ಸ್ಟಿಕ್ಕರ್ ಇಲ್ಲದ ಕಂಪ್ಯೂಟರ್

ನಮ್ಮ ಕಾರ್ಖಾನೆ ಜಾಲಹಳ್ಳಿಯಲ್ಲಿದೆ. ಹೆಸರು ಹೇಳುವುದಿಲ್ಲ, ಹೇಳಿದರೆ ಅದಕ್ಕೂ ಒಂದು ಮೆಮೊ ಬರುತ್ತದೆ. ನಾನು ಸುಮೈರಾ. ಅಲ್ಲಿನ ಕಂಪ್ಯೂಟರ್ ವಿಭಾಗದಲ್ಲಿ ಗುತ್ತಿಗೆ ಕೆಲಸ. ಆರು ವರ್ಷದಿಂದ ಆರ್.ಟಿ. ನಗರದಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದೇನೆ. ಈ ಸಲ ನನ್ನನ್ನು ಕಾಯಂ ಮಾಡುವ ಫೈಲು ಮ್ಯಾನೇಜರ್ ಮಹೇಂದ್ರ ಅವರ ಮೇಜಿನವರೆಗೂ ಬಂದಿತ್ತು. ಡೊಮೈನ್ ಆಡಿಟ್ ಸುಸೂತ್ರವಾಗಿ ಮುಗಿದರೆ ಸಹಿ ಹಾಕುತ್ತೇನೆ ಎಂದಿದ್ದರು. ಅಮ್ಮಿ ಆಗಲೇ ಬೀದಿಗೆಲ್ಲ ಸುದ್ದಿ ಹಂಚಿ ಕೂತಿದ್ದಳು.

ಡೊಮೈನ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಮುಖ್ಯ ಸರ್ವರ್ ಹೇಳಿದಂತೆ ಕೇಳುವ ಕಂಪ್ಯೂಟರ್‌ಗಳೆಲ್ಲ ಡೊಮೈನ್‌ಗೆ ಸೇರಿದವು. ಅದರ ಗೊಡವೆಯೇ ಬೇಡವೆಂದು ತಮ್ಮ ಪಾಡಿಗೆ ತಾವಿರುವವು ವರ್ಕ್‌ಗ್ರೂಪಿನವು. ಇರುವ ನೂರ ಎಂಬತ್ತಾರನ್ನೂ ಡೊಮೈನ್‌ಗೆ ಸೇರಿಸಿ, ಸೇರಿದ್ದಕ್ಕೆ ಹಸಿರು ಸ್ಟಿಕ್ಕರ್ ಅಂಟಿಸಿ ಎಂದು ಮುಖ್ಯ ಕಚೇರಿಯಿಂದ ಆದೇಶ ಬಂದು ವರ್ಷವಾಗಿತ್ತು. ಅಂಟಿಸುವ ಕೆಲಸ ಸ್ಟೋರ್ಸಿನ ಮುನಿವೆಂಕಟಯ್ಯನವರದು. ಸೇರಿದ್ದು ಯಾವುದು, ಬಿಟ್ಟಿದ್ದು ಯಾವುದು ಎಂದು ತಲೆ ಕೆಡಿಸಿಕೊಳ್ಳದೆ ಅವರು ಒಂದೇ ಮಧ್ಯಾಹ್ನದಲ್ಲಿ ಎಲ್ಲಕ್ಕೂ ಅಂಟಿಸಿ ಕೈತೊಳೆದುಕೊಂಡಿದ್ದರು. ನನ್ನದಕ್ಕೆ ಮಾತ್ರ ಇಲ್ಲ. ಗುತ್ತಿಗೆಯವರ ಹೆಸರಿಗೆ ಸ್ಟೋರ್ಸಿನಿಂದ ಏನೂ ಕೊಡುವಂತಿಲ್ಲವಂತೆ. ಹಾಗೆ ಉಳಿದ ಒಂದು ಸ್ಟಿಕ್ಕರ್ ಕ್ಯಾಂಟೀನಿನ ವಾಟರ್ ಕೂಲರ್ ಪಾಲಾಯಿತು.

ನಾನು ಸ್ಟಿಕ್ಕರ್ ನಂಬುವವಳಲ್ಲ. ನಾಲ್ಕು ಸಾಲಿನ ಒಂದು ಸ್ಕ್ರಿಪ್ಟ್ ಬರೆದೆ. ಅದು ಕಂಪ್ಯೂಟರಿಗೆ ಕೇಳುವುದು ಒಂದೇ ಪ್ರಶ್ನೆ: ನೀನು ಡೊಮೈನ್‌ನಲ್ಲಿದ್ದೀಯಾ, ಇಲ್ಲವಾ? ಪೆನ್‌ಡ್ರೈವ್ ಹಿಡಿದು ಮೂರು ದಿನ ಮೇಜಿನಿಂದ ಮೇಜಿಗೆ ಅಲೆದೆ. ಹೌದು ಎಂದವು ಬರೀ ಅರವತ್ತಮೂರು. ಮಹೇಂದ್ರ ಅವರ ಕಂಪ್ಯೂಟರೇ ವರ್ಕ್‌ಗ್ರೂಪಿನದು. ಸೇರಿಸಿದರೆ ಪರದೆಯ ಮೇಲಿನ ಮಗಳ ಮದುವೆ ಫೋಟೋ ಹೋಗಿಬಿಡುತ್ತದೆ ಎಂದು ಅವರು ಯಾರಿಗೂ ಅದನ್ನು ಮುಟ್ಟಗೊಟ್ಟಿರಲಿಲ್ಲ.

ಪಟ್ಟಿ ನೋಡಿ ಅವರಿಗೆ ಸಿಟ್ಟೇನೂ ಬರಲಿಲ್ಲ. ಬಂದಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಸ್ಕ್ರಿಪ್ಟಿನಲ್ಲೇ ಏನೋ ತಪ್ಪಿರಬೇಕು, ಸ್ಟಿಕ್ಕರ್ ಜೊತೆ ತಾಳೆಯಾಗುತ್ತಿಲ್ಲವಲ್ಲ ಎಂದರು. ಒಂದು ವಾರ ಕೊಟ್ಟರೆ ಎಲ್ಲವನ್ನೂ ನಿಜವಾಗಿಯೇ ಸೇರಿಸಿಬಿಡುತ್ತೇನೆ ಎಂದೆ.

"ನೋಡಮ್ಮಾ, ನಿನ್ ಫೈಲ್ ನನ್ ಹತ್ರಾನೇ ಇದೆ. ಆ ಪೆನ್‌ಡ್ರೈವ್ ಬ್ಯಾಗಲ್ಲಿ ಇಟ್ಕೊಂಡು ಆರಾಮಾಗಿರು," ಎಂದರು.

ಇಟ್ಟುಕೊಂಡೆ. ನಾಚಿಕೆಯಾಯಿತು, ಆದರೂ ಇಟ್ಟುಕೊಂಡೆ.

ಸೋಮವಾರ ಆಡಿಟರ್ ಬಂದರು. ಪುಣ್ಯಾತ್ಮರು ಒಂದು ಕಂಪ್ಯೂಟರನ್ನೂ ಆನ್ ಮಾಡಿಸಲಿಲ್ಲ. ಕ್ಯಾಂಟೀನಿನಲ್ಲಿ ಕಾಫಿ ಕುಡಿದು ಅಲ್ಲಿಂದಲೇ ಸ್ಟಿಕ್ಕರ್ ಎಣಿಸುತ್ತಾ ಹೊರಟು, ಕೊನೆಗೆ ನನ್ನ ಮೇಜಿನ ಮುಂದೆ ನಿಂತರು. ಇದಕ್ಕೆ ಸ್ಟಿಕ್ಕರ್ ಎಲ್ಲಿ ಎಂದರು. ಇದು ಮೊದಲ ದಿನವೇ ಸೇರಿದೆ ಸಾರ್, ಬೇಕಾದರೆ ಈಗಲೇ ತೋರಿಸುತ್ತೇನೆ ಎಂದು ಬ್ಯಾಗಿಗೆ ಕೈಹಾಕಿದೆ. ಮಹೇಂದ್ರ ಕೆಮ್ಮಿದರು. ಆಡಿಟರ್ ಅಷ್ಟರಲ್ಲಿ ಬರೆದಾಗಿತ್ತು: ಕ್ಯಾಂಟೀನಿನದೂ ಸೇರಿ ನೂರ ಎಂಬತ್ತಾರು ಸರಿಯಾಗಿವೆ, ಡೊಮೈನ್‌ಗೆ ಸೇರದ್ದು ಒಂದೇ ಒಂದು, ಅದೂ ಕಂಪ್ಯೂಟರ್ ವಿಭಾಗದ್ದು.

ಮಧ್ಯಾಹ್ನವೇ ನನ್ನ ಫೈಲು ವಾಪಸ್ಸಾಯಿತು. ಲೋಪ ಸರಿಪಡಿಸಿದ ನಂತರ ಮಂಡಿಸುವುದು ಎಂದು ಅದರ ಮೇಲೆ ಷರಾ. ನೇರ ಸ್ಟೋರ್ಸಿಗೆ ಹೋಗಿ ಒಂದೇ ಒಂದು ಸ್ಟಿಕ್ಕರ್ ಕೊಡಿ ಎಂದು ಕೇಳಿದೆ. ಮುನಿವೆಂಕಟಯ್ಯ ಚಿಕ್ಕಬಾಣಾವರದ ಹಳಬರು, ಕೆಟ್ಟವರಲ್ಲ. ರಿಜಿಸ್ಟರ್ ತೆರೆದು ಎರಡೆರಡು ಸಲ ನೋಡಿದರು.

"ಇಂಗೆಲ್ಲಾ ಕೊಡಾಕಾಗಲ್ಲ ಕಣಮ್ಮಾ. ಕಾಯಂ ಆಗ್ಬುಟ್ಟು ಬಾ, ಎಲ್ಡು ಕೊಡ್ತೀನಿ," ಎಂದರು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕ್ಯಾಂಟೀನಿಗೆ ಹೋಗಿ ವಾಟರ್ ಕೂಲರ್ ಮೇಲಿದ್ದ ಸ್ಟಿಕ್ಕರನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ತಂದು ನನ್ನ ಕಂಪ್ಯೂಟರಿಗೆ ಅಂಟಿಸಿದೆ. ಲೋಪ ಸರಿಪಡಿಸಲಾಗಿದೆ ಎಂದು ಮಹೇಂದ್ರ ಅವರಿಗೆ ಪತ್ರವನ್ನೂ ಕೊಟ್ಟೆ. ಆ ಸಂಜೆ ಅಮ್ಮಿಗೆ ಇನ್ನೆರಡು ದಿನ ತಡಿ ಎಂದೆ.

ಮರುದಿನ ಬೆಳಿಗ್ಗೆ ಮೇಜಿನ ಮೇಲೆ ಮೆಮೊ ಕಾದಿತ್ತು. ಕ್ಯಾಂಟೀನಿನ ವಾಟರ್ ಕೂಲರ್ ಡೊಮೈನ್ ಬಿಟ್ಟು ಹೊರಹೋಗಿರುವುದು ಕಂಡುಬಂದಿದೆ. ಅದನ್ನು ಮರಳಿ ಸೇರಿಸುವವರೆಗೆ ನಿಮ್ಮ ಫೈಲನ್ನು ತಡೆಹಿಡಿಯಲಾಗಿದೆ.